ಸಂಗೀತ: ಒಡೆತನವೋ, ಬಾಡಿಗೆಯೋ?

ಸ್ವೀಡನ್ ಮೂಲದ ಸಂಗೀತ ಸೇವೆ ಸ್ಪಾಟಿಫೈ ಭಾರತಕ್ಕೆ ಕಾಲಿಟ್ಟದ್ದು 2019ರ ಫೆಬ್ರವರಿ 26ರಂದು. ಎರಡು ತಿಂಗಳು ತುಂಬುವಷ್ಟರಲ್ಲಿಯೇ, ಅದೇ ವರ್ಷದ ಏಪ್ರಿಲ್‌ನಲ್ಲಿ, ಎಚ್.ಎಂ.ವಿ.ಯ ಹಳೆಯ ಭಂಡಾರದ ಒಡೆತನ ಹೊಂದಿರುವ ಸರೆಗಮ ಸಂಸ್ಥೆಯ ಹಾಡುಗಳು ಆ ಸೇವೆಯಿಂದ ಹೊರಬಿದ್ದವು. ಪರವಾನಗಿಯ ಮಾತುಕತೆ ಕುದುರದೆ ಸರೆಗಮ ದೆಹಲಿ ಹೈಕೋರ್ಟಿನ ಮೊರೆ ಹೋಗಿತ್ತು. ಆ ಹಾಡುಗಳನ್ನು ತೆಗೆದುಹಾಕುವುದಾಗಿ ಸ್ಪಾಟಿಫೈ ನ್ಯಾಯಾಲಯಕ್ಕೆ ತಿಳಿಸಿತು. ಒಪ್ಪಂದ ಏರ್ಪಟ್ಟದ್ದು 2020ರ ಮೇ ತಿಂಗಳಲ್ಲಿ. ನಡುವಣ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಚಂದಾದಾರರ ಕಡೆಯಿಂದ ಯಾವ ತಪ್ಪೂ ಆಗಿರಲಿಲ್ಲ, ಅವರು ಚಂದಾ ಕಟ್ಟುತ್ತಲೇ ಇದ್ದರು. ಆದರೂ ಅವರ ಪಟ್ಟಿಯಲ್ಲಿದ್ದ ಹಳೆಯ ಹಾಡುಗಳು ಮೂಕವಾಗಿದ್ದವು. ಅದೇ ಹಾಡುಗಳ ಕ್ಯಾಸೆಟ್ಟನ್ನೋ ಸಿ.ಡಿ.ಯನ್ನೋ ಮನೆಯಲ್ಲಿಟ್ಟುಕೊಂಡಿದ್ದವರಿಗೆ ಇಂಥದೊಂದು ವ್ಯಾಜ್ಯ ನಡೆದದ್ದೇ ತಿಳಿದಿರಲಾರದು.

ಸಂಗೀತವನ್ನು ಕೊಂಡು ಇಟ್ಟುಕೊಳ್ಳುವುದು ಮೇಲೋ, ಅಂತರ್ಜಾಲದ ಮೂಲಕ ಹರಿಸಿಕೊಂಡು ಕೇಳುವುದು ಮೇಲೋ ಎಂಬ ಚರ್ಚೆಯಲ್ಲಿ ಬೆಲೆ, ಅನುಕೂಲ, ಧ್ವನಿಯ ಗುಣಮಟ್ಟ ಇವೇ ಮುನ್ನೆಲೆಗೆ ಬರುತ್ತವೆ. ಮೂಲ ವ್ಯತ್ಯಾಸ ಬೇರೆಯೇ ಇದೆ. ಮೊದಲನೆಯದರಲ್ಲಿ ಕೇಳುಗರು ಕೊಳ್ಳುವುದು ವಸ್ತುವನ್ನು. ಎರಡನೆಯದರಲ್ಲಿ ಕೊಳ್ಳುವುದು ಅನುಮತಿಯನ್ನು. ಆ ಅನುಮತಿ ಎಷ್ಟು ದಿನ ಉಳಿಯುತ್ತದೆ ಎಂಬುದು ಕೇಳುಗರು ಓದಿಯೇ ಇರದ, ಬೇರೆ ಇಬ್ಬರು ಸಹಿ ಹಾಕಿದ ಕರಾರಿನಲ್ಲಿರುತ್ತದೆ.

ಅರಗಿನ ತಟ್ಟೆಯಿಂದ ಕಡತದವರೆಗೆ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ನೆಲೆಯೂರಿದ್ದು 1902ರಲ್ಲಿ, ಕಲ್ಕತ್ತಾದಲ್ಲಿ ಫ್ರೆಡ್ ಗೈಸ್‌ಬರ್ಗ್ ಅವರು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡಾಗ. ಅಂದಿನ ತಟ್ಟೆಯ ಮುಖ್ಯ ವಸ್ತು ಅರಗು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು ಸಂಗೀತ. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವೊಂದು ಅಷ್ಟರೊಳಗೆ ಮುಗಿಯಬೇಕಿತ್ತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು ಹೊರಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ. ಆ ಹೆಸರಿನ ಪ್ರಸಂಗ ಮುಂದೆ ಮತ್ತೆ ಬರಲಿದೆ.

1948ರಲ್ಲಿ ಎಲ್.ಪಿ. ತಟ್ಟೆ, 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್, 1979ರಲ್ಲಿ ಸೋನಿಯ ವಾಕ್‌ಮನ್, 1982ರಲ್ಲಿ ಸಿ.ಡಿ. ಬಂದವು. ಕನ್ನಡದ ಮಟ್ಟಿಗೆ ಇವುಗಳಲ್ಲಿ ನಿಜವಾದ ತಿರುವು ಕ್ಯಾಸೆಟ್ಟಿನದು. ತಟ್ಟೆ ಅಚ್ಚು ಹಾಕಲು ದೊಡ್ಡ ಕಾರ್ಖಾನೆ ಬೇಕಿತ್ತು. ಧ್ವನಿಸುರುಳಿಯನ್ನು ಸಣ್ಣ ಕೊಠಡಿಯೊಂದರಲ್ಲಿ ಪ್ರತಿ ಮಾಡಬಹುದಿತ್ತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಅನಂತರದ ದಶಕದಲ್ಲಿ ಸಿ. ಅಶ್ವಥ್ ಅವರ ಮೂಲಕ ಶಿಶುನಾಳ ಶರೀಫರ ತತ್ತ್ವಪದಗಳೂ ಕೆ.ಎಸ್. ನರಸಿಂಹಸ್ವಾಮಿಯವರ ಪ್ರೇಮಗೀತೆಗಳೂ ಮನೆಮನೆಯನ್ನು ಹೊಕ್ಕವು. ಲಹರಿ, ಸಂಗೀತಾದಂತಹ ಸಂಸ್ಥೆಗಳು ಬೆಳೆದವು. ಹರಿಕಥೆ, ಗಮಕ, ದಾಸರ ಪದ, ಯಕ್ಷಗಾನ ಪ್ರಸಂಗ, ದೇವಸ್ಥಾನದ ಸುಪ್ರಭಾತ ಎಲ್ಲವೂ ಸುರುಳಿಯೊಳಗೆ ಸೇರಿದವು. ಚಲನಚಿತ್ರದ ಹೊರಗಿನ ಕನ್ನಡ ಗಾಯನಕ್ಕೆ ಒಂದು ಮಾರುಕಟ್ಟೆ ಹುಟ್ಟಿದ್ದೇ ಆಗ ಎನ್ನಬೇಕು.

ಅದೇ ಹೊತ್ತಿಗೆ 'ನನ್ನ ಸಂಗ್ರಹ' ಎಂಬ ಮಾತಿಗೂ ಅರ್ಥ ಬಂತು. ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟು ಅಂಗಡಿಯವನಿಂದ ತುಂಬಿಸಿಕೊಳ್ಳುವುದು, ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕಛೇರಿ ಮುದ್ರಿಸಿಕೊಳ್ಳುವುದು ಇವೆಲ್ಲ ಎಷ್ಟು ಕಾನೂನುಬದ್ಧವಾಗಿತ್ತು ಎಂಬುದನ್ನು ಆಗ ಯಾರೂ ಹೆಚ್ಚು ತಲೆಗೆ ಹಚ್ಚಿಕೊಂಡಂತಿಲ್ಲ. ಇಂದು ಆ ಸುರುಳಿಗಳಲ್ಲಿ ಕೆಲವು ಮತ್ತೆಲ್ಲೂ ದೊರೆಯದ ಪ್ರತಿಗಳಾಗಿ ಉಳಿದಿವೆ.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ರೂಪಿಸಿದ ಎಂಪಿ3 ಪದ್ಧತಿಗೆ ಆ ಹೆಸರು ಅಂಟಿದ್ದು 1995ರಲ್ಲಿ. ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ಬಿಟ್ಟುಕೊಟ್ಟು ಹಾಡನ್ನು ಕುಗ್ಗಿಸುವುದು ಇದರ ತಂತ್ರ. 1999ರಲ್ಲಿ ನ್ಯಾಪ್‌ಸ್ಟರ್ ಬಂದು 2001ರಲ್ಲಿ ನ್ಯಾಯಾಲಯದ ಆದೇಶದಿಂದ ಮುಚ್ಚಿತು. 2001ರಲ್ಲಿಯೇ ಆ್ಯಪಲ್‌ನ ಐಪಾಡ್, 2003ರಲ್ಲಿ ಒಂದು ಹಾಡಿಗೆ 99 ಸೆಂಟ್ ಬೆಲೆ ಕಟ್ಟಿದ ಐಟ್ಯೂನ್ಸ್ ಮಳಿಗೆ ಬಂದವು. ನಮ್ಮ ಪೇಟೆಗಳ ಫುಟ್‌ಪಾತಿನಲ್ಲಿ ನೂರು, ನೂರೈವತ್ತು ಹಾಡು ತುಂಬಿದ ಎಂಪಿ3 ಸಿ.ಡಿ.ಗಳು ಚಿಲ್ಲರೆ ಕಾಸಿಗೆ ಸಿಗತೊಡಗಿದವು. ಕ್ಯಾಸೆಟ್ ಉದ್ಯಮದ ಬೆನ್ನು ಮುರಿದದ್ದು ಸ್ಟ್ರೀಮಿಂಗ್ ಎಂದು ಇಂದು ದೂರುವವರು ಈ ನಡುವಣ ಕಾಲವನ್ನು ಮರೆಯುತ್ತಾರೆ.

ಸ್ಟ್ರೀಮಿಂಗ್ ನಡೆಯುವ ಬಗೆ

ಸ್ಟ್ರೀಮಿಂಗ್‌ನಲ್ಲಿ ಹಾಡು ಸೇವಾಸಂಸ್ಥೆಯ ಸರ್ವರ್‌ನಲ್ಲಿರುತ್ತದೆ. ಕೇಳುಗರ ಮೊಬೈಲು ಅದನ್ನು ತುಣುಕು ತುಣುಕಾಗಿ ತರಿಸಿಕೊಂಡು, ಕೆಲವು ಕ್ಷಣಗಳಷ್ಟನ್ನು ಮುಂಗಡವಾಗಿ ಶೇಖರಿಸಿಟ್ಟುಕೊಂಡು ನುಡಿಸುತ್ತದೆ. ಸಂಪರ್ಕ ದುರ್ಬಲವಾದಾಗ ಗುಣಮಟ್ಟವನ್ನು ತಾನಾಗಿಯೇ ತಗ್ಗಿಸಿಕೊಳ್ಳಬಲ್ಲದು. ಸೆಕೆಂಡಿಗೆ 320 ಕಿಲೋಬಿಟ್‌ನಂತೆ ನಾಲ್ಕು ನಿಮಿಷದ ಹಾಡಿಗೆ ತಗಲುವುದು ಸುಮಾರು 9.6 ಎಂಬಿ ಡೇಟಾ. ಒಂದು ಗಂಟೆಗೆ 144 ಎಂಬಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ದರ ಕುಸಿಯುವ ಮುನ್ನ ಇದು ಬಹಳಷ್ಟು ಮಂದಿಗೆ ಎಟುಕುವ ಮಾತಾಗಿರಲಿಲ್ಲ.

'ಡೌನ್‌ಲೋಡ್' ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಚಂದಾ ಸೇವೆಯೊಳಗೆ ಇಳಿಸಿಕೊಂಡ ಹಾಡು ಗೂಢಲಿಪಿಯಲ್ಲಿರುತ್ತದೆ. ಆ ಸೇವೆಯ ತಂತ್ರಾಂಶವಲ್ಲದೆ ಬೇರೆ ಯಾವುದೂ ಅದನ್ನು ತೆರೆಯಲಾರದು. ಸ್ಪಾಟಿಫೈಯಲ್ಲಿ ಕನಿಷ್ಠ 30 ದಿನಕ್ಕೊಮ್ಮೆ ಅಂತರ್ಜಾಲದ ಸಂಪರ್ಕಕ್ಕೆ ಬಾರದಿದ್ದರೆ ಇಳಿಸಿಕೊಂಡದ್ದೂ ನುಡಿಯುವುದಿಲ್ಲ. ಚಂದಾ ನಿಂತ ಬಳಿಕವಂತೂ ಹೇಳುವಂತಿಲ್ಲ. ಹತ್ತು ವರ್ಷ ಹಣ ಕಟ್ಟಿದವರಿಗೂ ಹನ್ನೊಂದನೆಯ ವರ್ಷ ಬಿಟ್ಟರೆ ಕೈಯಲ್ಲುಳಿಯುವುದು ಏನೂ ಇಲ್ಲ.

ಇದರ ಲಾಭವನ್ನು ಕಡೆಗಣಿಸುವುದೂ ಸರಿಯಲ್ಲ. ಒಂದೆರಡು ಕ್ಯಾಸೆಟ್ಟಿನ ಬೆಲೆಗೆ ತಿಂಗಳಿಡೀ ಕೋಟಿಗಟ್ಟಲೆ ಹಾಡುಗಳು ಸಿಗುತ್ತವೆ. ಸಂಗೀತದ ಅಂಗಡಿಯನ್ನೇ ಕಾಣದ ಊರಿನ ಹುಡುಗನೊಬ್ಬ ಮಲ್ಲಿಕಾರ್ಜುನ ಮನ್ಸೂರರನ್ನೂ ಈ ವಾರ ಬಿಡುಗಡೆಯಾದ ಚಿತ್ರಗೀತೆಯನ್ನೂ ಒಂದೇ ಸಂಜೆ ಕೇಳಬಹುದು. ವಿದೇಶದ ಕನ್ನಡಿಗರು 2000ದ ದಶಕದಲ್ಲಿ ಕನ್ನಡಆಡಿಯೋದಂತಹ ಜಾಲತಾಣಗಳಲ್ಲಿ ತಡವರಿಸುತ್ತ ಬರುವ ಧ್ವನಿಗಾಗಿ ಕಾದು ಕುಳಿತದ್ದನ್ನು ನೆನೆದರೆ ಇಂದಿನ ಅನುಕೂಲ ಸಣ್ಣದಲ್ಲ. ಜಗತ್ತಿನ ಧ್ವನಿಮುದ್ರಿತ ಸಂಗೀತದ 2023ರ ಆದಾಯ 28.6 ಶತಕೋಟಿ ಡಾಲರ್; ಅದರಲ್ಲಿ ಶೇ. 67ಕ್ಕೂ ಹೆಚ್ಚು ಪಾಲು ಸ್ಟ್ರೀಮಿಂಗ್‌ನಿಂದ ಬಂದದ್ದು. ಮುಂಬಯಿಯ ಹೆಸರಾಂತ ರಿದಂ ಹೌಸ್ ಮಳಿಗೆ 2016ರಲ್ಲಿ ಬಾಗಿಲು ಹಾಕಿತು. ಐಪಾಡ್ ತಯಾರಿಕೆಯೂ 2022ರಲ್ಲಿ ನಿಂತಿತು.

ಬಾಗಿಲು ಮುಚ್ಚಿದ ಮಳಿಗೆಗಳು

ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ 'ಫ್ಲೈಟ್' ಎಂಬ ಸಂಗೀತ ಮಳಿಗೆಯನ್ನು ತೆರೆದಿತ್ತು. ಅಲ್ಲಿ ಕೊಂಡ ಎಂಪಿ3 ಕಡತಕ್ಕೆ ಬೀಗವಿರಲಿಲ್ಲ. ಯಾವ ಗಣಕಯಂತ್ರದಲ್ಲಾದರೂ ನುಡಿಸಬಹುದಿತ್ತು, ಎಷ್ಟು ಪ್ರತಿಯನ್ನಾದರೂ ಇಟ್ಟುಕೊಳ್ಳಬಹುದಿತ್ತು. ಪುಕ್ಕಟೆ ಸಿಗುವ ಕಳ್ಳಪ್ರತಿಗಳ ನಡುವೆ ಹಣ ಕೊಟ್ಟು ಕೊಳ್ಳುವವರು ಸಾಕಷ್ಟು ದೊರೆಯದೆ 2013ರ ಜೂನ್‌ನಲ್ಲಿ ಮಳಿಗೆ ಮುಚ್ಚಿತು. ಕೊಂಡವರಿಗೆ ತಮ್ಮ ಹಾಡುಗಳನ್ನು ಇಳಿಸಿಕೊಳ್ಳಲು ಸ್ವಲ್ಪ ಕಾಲಾವಕಾಶ ಕೊಡಲಾಯಿತು. ಆಗ ಇಳಿಸಿಕೊಂಡವರ ಬಳಿ ಆ ಹಾಡುಗಳು ಇಂದಿಗೂ ನುಡಿಯುತ್ತವೆ. ಅಂಗಡಿ ಸತ್ತರೂ ಸರಕು ಸಾಯಲಿಲ್ಲ.

ಮೈಕ್ರೋಸಾಫ್ಟಿನ ಎಂಎಸ್‌ಎನ್ ಮ್ಯೂಸಿಕ್ ಮಳಿಗೆಯ ಕಥೆ ಇದಕ್ಕೆ ವ್ಯತಿರಿಕ್ತ. ಅಲ್ಲಿ ಮಾರಿದ ಹಾಡುಗಳಿಗೆ ಬೀಗವಿತ್ತು. ಹೊಸ ಗಣಕಯಂತ್ರಕ್ಕೆ ಸಾಗಿಸಿದಾಗಲೆಲ್ಲ ಸಂಸ್ಥೆಯ ಸರ್ವರ್ ಅನುಮತಿ ಕೊಡಬೇಕಿತ್ತು. ಮಾರಾಟ ನಿಂತ ಮೇಲೆ, ಅನುಮತಿ ಕೊಡುವ ಸರ್ವರ್‌ಗಳನ್ನೂ ನಿಲ್ಲಿಸುವುದಾಗಿ 2008ರ ಏಪ್ರಿಲ್‌ನಲ್ಲಿ ಸಂಸ್ಥೆ ಪ್ರಕಟಿಸಿದಾಗ ಕೊಂಡವರು ಸಿಡಿದೆದ್ದರು. ಗಡುವನ್ನು ಮುಂದಕ್ಕೆ ಹಾಕಬೇಕಾಯಿತು. 'ಕೊಂಡುಕೊಳ್ಳಿ' ಎಂಬ ಗುಂಡಿ ಒತ್ತಿದ ಮಾತ್ರಕ್ಕೆ ಕೊಂಡಂತಾಗುವುದಿಲ್ಲ ಎಂಬುದು ಬಹಳ ಮಂದಿಗೆ ಅರಿವಾದದ್ದು ಆಗಲೇ. ಆ್ಯಪಲ್ 2009ರಲ್ಲಿ ತನ್ನ ಮಳಿಗೆಯ ಹಾಡುಗಳ ಬೀಗ ತೆಗೆಯಿತು. ಡಿಜಿಟಲ್ ಸರಕು ಮಾರುವವರು ತಾವು ಕೊಡುತ್ತಿರುವುದು ಪರವಾನಗಿಯೇ ಹೊರತು ಒಡೆತನವಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾಯಿದೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದಿದೆ.

ಸ್ಟ್ರೀಮಿಂಗ್ ಸೇವೆಗಳೂ ಚಿರಂಜೀವಿಗಳಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರ ಡಿಸೆಂಬರ್‌ನಲ್ಲಿ, ರೆಸ್ಸೋ 2024ರ ಜನವರಿಯಲ್ಲಿ ಭಾರತದಲ್ಲಿ ಮುಚ್ಚಿದವು. ಏರ್‌ಟೆಲ್ 2014ರಲ್ಲಿ ಆರಂಭಿಸಿದ್ದ ವಿಂಕ್ ಮ್ಯೂಸಿಕ್ 2024ರಲ್ಲಿ ನಿಂತಿತು. ಸೇವೆ ಉಳಿದರೂ ಹಾಡು ಉಳಿಯಬೇಕೆಂದಿಲ್ಲ: 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್‌ನೊಡನೆ ಒಪ್ಪಂದ ಕುದುರದೆ ಅನೇಕ ಹಿಂದಿ ಚಿತ್ರಗೀತೆಗಳು ಸ್ಪಾಟಿಫೈಯಿಂದ ಮಾಯವಾದವು.

ಕಾಯಿದೆಯ ಮಾತು

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಉದಾಹರಣೆಗೆ 1960ರಲ್ಲಿ ಬಿಡುಗಡೆಯಾದ ಮುದ್ರಿಕೆಯ ಹಕ್ಕು 2020ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಪ್ರತ್ಯೇಕ; ಅದು ಕರ್ತೃವಿನ ಜೀವಿತಕಾಲ ಮತ್ತು ಅನಂತರದ 60 ವರ್ಷ. ದಾಸರ ಪದಕ್ಕೂ ಆಧುನಿಕ ಕವಿಯ ಭಾವಗೀತೆಗೂ ಇಲ್ಲಿ ಅಂತರವಿದೆ.

ಕಾಯಿದೆಯ 52ನೆಯ ಕಲಮು ಖಾಸಗಿ ಅಥವಾ ವೈಯಕ್ತಿಕ ಉದ್ದೇಶದ ನ್ಯಾಯೋಚಿತ ಬಳಕೆಗೆ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯ ಬಳಿಕ ಈ ಅವಕಾಶ ಧ್ವನಿಮುದ್ರಿಕೆಗೂ ಅನ್ವಯಿಸುತ್ತದೆ. ಸ್ವಂತ ಕ್ಯಾಸೆಟ್ಟನ್ನು ತಮ್ಮ ಕೇಳ್ಮೆಗೆಂದು ಗಣಕಯಂತ್ರಕ್ಕೆ ಏರಿಸಿಕೊಳ್ಳುವುದಕ್ಕೆ ಇದೇ ಆಧಾರ. ಆ ಕಡತವನ್ನು ಊರಿಗೆಲ್ಲ ಹಂಚುವುದಕ್ಕೆ ಈ ರಕ್ಷಣೆ ಇಲ್ಲ. ಹಕ್ಕುಚ್ಯುತಿಯ ಉದ್ದೇಶದಿಂದ ಡಿಜಿಟಲ್ ಬೀಗ ಒಡೆಯುವುದನ್ನು ಅದೇ ತಿದ್ದುಪಡಿ ಅಪರಾಧವೆಂದು ಸೇರಿಸಿದೆ.

ಕೊಂಡ ತಟ್ಟೆಯನ್ನು ಮರುಮಾರಾಟ ಮಾಡಬಹುದು, ಮಗಳಿಗೆ ಬಿಟ್ಟುಹೋಗಬಹುದು, ಗ್ರಂಥಾಲಯಕ್ಕೆ ದಾನ ಕೊಡಬಹುದು. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಳೆಯ ಎಲ್.ಪಿ.ಗಳು ಕೈಬದಲಾಗುವುದು ಈ ಹಕ್ಕಿನಿಂದಲೇ. ಕಡತಗಳಿಗೂ ಇಂಥ ಸೌಲಭ್ಯ ಬೇಕೆಂದು ಅಮೆರಿಕದಲ್ಲಿ ರಿಡಿಜಿ ಎಂಬ ಸಂಸ್ಥೆ ವಾದಿಸಿ 2013ರಲ್ಲಿ ಸೋತಿತು; 2018ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಚಂದಾ ಖಾತೆಯಂತೂ ಚಂದಾದಾರರೊಂದಿಗೇ ಮುಗಿಯುತ್ತದೆ.

ಹಣ ಯಾರಿಗೆ ಸೇರುತ್ತದೆ?

ಕ್ಯಾಸೆಟ್ ಕೊಂಡರೆ ಹಣ ಆ ಕ್ಯಾಸೆಟ್ಟಿನ ಕಂಪನಿಗೆ ಸೇರುತ್ತಿತ್ತು. ಕಲಾವಿದರಿಗೆ ಎಷ್ಟು ತಲುಪುತ್ತಿತ್ತು ಎಂಬುದು ಬೇರೆ ಪ್ರಶ್ನೆ, ಅದರ ಉತ್ತರ ಬಹುಪಾಲು ಹಿತಕರವಲ್ಲ. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಎಲ್ಲರ ಚಂದಾ ಒಂದೇ ಹುಂಡಿಗೆ ಬೀಳುತ್ತದೆ. ಒಟ್ಟು ಕೇಳ್ಮೆಯಲ್ಲಿ ಯಾರ ಹಾಡಿನ ಪಾಲು ಎಷ್ಟೋ ಅವರಿಗೆ ಅಷ್ಟು. ತಿಂಗಳಿಡೀ ಗಮಕವನ್ನೇ ಕೇಳಿದ ಚಂದಾದಾರರ ಹಣವೂ ದೇಶದಲ್ಲಿ ಹೆಚ್ಚು ಓಡಿದ ಚಿತ್ರಗೀತೆಗಳತ್ತಲೇ ಬಹುಪಾಲು ಹರಿಯುತ್ತದೆ. ಇದರ ಮೇಲೆ, ಹಿಂದಿನ 12 ತಿಂಗಳಲ್ಲಿ 1,000 ಸಲವೂ ಕೇಳಿಸಿಕೊಳ್ಳದ ಮುದ್ರಿಕೆಗೆ ರಾಯಲ್ಟಿ ಇಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಲ್ಲಿ ತಂದಿತು. ಸಣ್ಣ ಕಲಾಪ್ರಕಾರಗಳಿಗೆ ಇದು ದಂಡ ಹಾಕಿದಂತೆಯೇ ಸರಿ.

ಕನ್ನಡದ ಗತಿ

ಡಾ. ರಾಜ್‌ಕುಮಾರ್ ಅವರ ಜನಪ್ರಿಯ ಚಿತ್ರಗೀತೆಗಳ ಬಗ್ಗೆ ಚಿಂತೆಯಿಲ್ಲ. ಅವಕ್ಕೆ ಮಾಲೀಕರಿದ್ದಾರೆ, ಬೇಡಿಕೆಯಿದೆ; ಒಂದು ಸೇವೆಯಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಸಿಗುತ್ತವೆ. ಸರೆಗಮ ಸಂಸ್ಥೆ 2017ರಲ್ಲಿ ಹೊರತಂದ, ಹಾಡುಗಳನ್ನು ಒಳಗೇ ತುಂಬಿರುವ ಕ್ಯಾರವಾನ್ ಪೆಟ್ಟಿಗೆಗೆ ಕನ್ನಡ ಆವೃತ್ತಿಯೂ ಇದೆ. ಚಂದಾ ಬೇಡದ, ಗುಂಡಿ ತಿರುಗಿಸಿದರೆ ಹಾಡುವ ಆ ಪೆಟ್ಟಿಗೆ ಹಿರಿಯರಿಗೆ ಹಿಡಿಸಿದ್ದು ಆಕಸ್ಮಿಕವಲ್ಲ.

ಚಿಂತೆ ಇರುವುದು ಉಳಿದದ್ದರ ಬಗ್ಗೆ. ಹಾಡೊಂದು ಸ್ಟ್ರೀಮಿಂಗ್‌ಗೆ ಬರಬೇಕಾದರೆ ಅದರ ಹಕ್ಕು ತನ್ನದೆಂದು ಸಹಿ ಹಾಕಲು ಯಾರಾದರೂ ಇರಬೇಕು. ಹತ್ತಿಪ್ಪತ್ತು ಸುರುಳಿ ಹೊರತಂದು ಕಣ್ಮರೆಯಾದ ಜಿಲ್ಲಾ ಮಟ್ಟದ ಕ್ಯಾಸೆಟ್ ಕಂಪನಿಯ ವಾರಸುದಾರರನ್ನು ಹುಡುಕುವವರಾರು? ಅಂಥ ಮುದ್ರಿಕೆಯ ಮೂಲ ಸುರುಳಿ ಕಳೆದುಹೋಗಿದ್ದರೆ ಉಳಿದಿರುವುದು ಕೊಂಡವರ ಮನೆಯ ಪ್ರತಿ ಮಾತ್ರ. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು ಎಳೆ ವಯಸ್ಸಿನಲ್ಲಿಯೇ, 1990ರಲ್ಲಿ ಅಪಘಾತಕ್ಕೆ ಬಲಿಯಾದರು. ಇಂದಿನ ತರುಣರಿಗೂ ಅವರ ಕಂಠ ಪರಿಚಿತವಾಗಿದ್ದರೆ ಅದಕ್ಕೆ ಕಾರಣ ಆ ಕಾಲದ ಟೇಪುಗಳೇ. ಯಾರೂ ಮುದ್ರಿಸಿಕೊಳ್ಳದ, ಮುದ್ರಿಸಿಕೊಂಡರೂ ಕಾಪಾಡದ ಆಟಗಳು ಹೋದವು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ (1934) ಒಂದು ಪ್ರತಿಯೂ ಉಳಿಯದ ನಾಡಿದು. ಎಚ್ಚರಿಕೆ ಮೊದಲೇ ಸಿಕ್ಕಿದೆ.

ಅಪರೂಪದ್ದೆಲ್ಲ ಯೂಟ್ಯೂಬಿನಲ್ಲಿದೆಯಲ್ಲ ಎನ್ನಬಹುದು. ನಿಜ, ಯಾರೋ ಪುಣ್ಯಾತ್ಮರು ಏರಿಸಿದ್ದಾರೆ. ಕೃತಿಸ್ವಾಮ್ಯದ ತಕರಾರು ಮೂರು ಬಾರಿ ದಾಖಲಾದರೆ ಇಡೀ ಚಾನೆಲ್ ಅಳಿಯುವ ನಿಯಮ ಅಲ್ಲಿದೆ. ಅದು ಅಂಗಡಿಯ ಕಿಟಕಿಯೇ ಹೊರತು ಉಗ್ರಾಣವಲ್ಲ.

ಹೆಸರಿನ ತೊಡಕು ಇನ್ನೊಂದು. ಸ್ಟ್ರೀಮಿಂಗ್ ಪಟ್ಟಿಗಳಲ್ಲಿ ಕನ್ನಡ ಹಾಡುಗಳ ಹೆಸರು ಬಹುತೇಕ ರೋಮನ್ ಲಿಪಿಯಲ್ಲಿ, ಏರಿಸಿದವರಿಗೆ ತೋಚಿದ ಕಾಗುಣಿತದಲ್ಲಿರುತ್ತದೆ. ದೀರ್ಘವಿಲ್ಲ, ಮಹಾಪ್ರಾಣವಿಲ್ಲ. ಗಾಯಕರ ಹೆಸರಿದ್ದರೆ ಕವಿಯ ಹೆಸರಿಲ್ಲ. ಪಕ್ಕವಾದ್ಯದವರನ್ನು ಕೇಳುವುದೇ ಬೇಡ. ಕ್ಯಾಸೆಟ್ಟಿನ ಒಳಹಾಳೆಯಲ್ಲಿ ರಾಗ, ತಾಳ, ತಬಲ, ಹಾರ್ಮೋನಿಯಂ ಎಲ್ಲಕ್ಕೂ ಒಂದು ಸಾಲಿನ ಜಾಗವಿರುತ್ತಿತ್ತು. ಗಂಗೂಬಾಯಿಯವರ ಹೆಸರನ್ನು ಟೈಪಿಸಿ ಹುಡುಕುವವರಿಗೆ 'ಗಾಂಧಾರಿ'ಯ ತಟ್ಟೆ ಕಾಣಬೇಕಾದರೆ, ಇಬ್ಬರೂ ಒಬ್ಬರೇ ಎಂಬುದನ್ನು ಬಲ್ಲ ಸಂಗ್ರಾಹಕರೊಬ್ಬರು ಅದನ್ನು ಎಲ್ಲಾದರೂ ಬರೆದಿಟ್ಟಿರಬೇಕು. ಮುಂಬಯಿಯ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘ, 1982ರಲ್ಲಿ ಸ್ಥಾಪನೆಯಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ದಾಖಲಾಗಾರ ಮುಂತಾದವು ಮಾಡುತ್ತ ಬಂದಿರುವುದು ಈ ಬಗೆಯ ಕೆಲಸವನ್ನೇ.

ಸಂಗ್ರಹವನ್ನು ಕಾಪಾಡುವ ಬಗೆ

ಹಾಗೆಂದು ಸಂಗ್ರಹವಿದ್ದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಕರಾವಳಿ, ಮಲೆನಾಡುಗಳ ತೇವಕ್ಕೆ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಅಂಟು ಬಿಟ್ಟು ಕಳಚುತ್ತದೆ. ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಲೇಪ ಬಿಸಿಲಿಗೆ ಮಾಸುತ್ತದೆ. ಹಾರ್ಡ್ ಡಿಸ್ಕ್ ಸೂಚನೆ ಕೊಡದೆ ನಿಲ್ಲಬಹುದು. ಒಡೆತನವೆಂದರೆ ಜವಾಬ್ದಾರಿಯೂ ಹೌದು, ಸ್ಟ್ರೀಮಿಂಗ್ ಗೆದ್ದದ್ದು ಈ ತಲೆನೋವನ್ನು ತಪ್ಪಿಸಿದ್ದರಿಂದಲೇ.

ಕ್ಯಾಸೆಟ್ಟುಗಳನ್ನು ಒಣ ಜಾಗದಲ್ಲಿ, ಸ್ಪೀಕರಿನ ಅಯಸ್ಕಾಂತದಿಂದ ದೂರ, ನೆಟ್ಟಗೆ ನಿಲ್ಲಿಸಿ ಇಡಬೇಕು. ಬೂಷ್ಟು ಹಿಡಿದ ಸುರುಳಿಯನ್ನು ಹಾಗೆಯೇ ನುಡಿಸಿದರೆ ಪ್ಲೇಯರೂ ಕೆಡುತ್ತದೆ, ಅದರ ಮೂಲಕ ಉಳಿದ ಸುರುಳಿಗಳಿಗೂ ಅಂಟುತ್ತದೆ. ಗಣಕಯಂತ್ರಕ್ಕೆ ಏರಿಸುವಾಗ ನೇರ ಎಂಪಿ3 ಮಾಡುವುದು ಬೇಡ. ದಾಖಲಾಗಾರಗಳು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಅಳತೆಯನ್ನು ಶಿಫಾರಸು ಮಾಡುತ್ತವೆ. ಆ ಲೆಕ್ಕದಲ್ಲಿ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 1 ಜಿಬಿ ಬೇಕು. ಫ್ಲ್ಯಾಕ್ ಪದ್ಧತಿಯಲ್ಲಿ ಇಟ್ಟರೆ ಧ್ವನಿಗೆ ಧಕ್ಕೆಯಿಲ್ಲದೆ ಜಾಗ ಉಳಿಯುತ್ತದೆ. 1 ಟಿಬಿ ಡಿಸ್ಕಿನಲ್ಲಿ 320 ಕಿಲೋಬಿಟ್ ಗುಣಮಟ್ಟದ ನಾಲ್ಕು ನಿಮಿಷದ ಹಾಡುಗಳಾದರೆ ಸುಮಾರು ಒಂದು ಲಕ್ಷ ಹಿಡಿಯುತ್ತವೆ, ಯಾವ ಮನೆಗೂ ಸಾಲುವಷ್ಟು. ಎರಡು ಡಿಸ್ಕುಗಳಲ್ಲಿ ಪ್ರತಿ ಇಟ್ಟು, ಒಂದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಡುವುದು ವಿವೇಕ. ಕಡತದ ಹೆಸರು ಕನ್ನಡ ಯೂನಿಕೋಡ್‌ನಲ್ಲಿರಲಿ. ಒಳಹಾಳೆಯ ಎರಡೂ ಬದಿಯ ಛಾಯಾಚಿತ್ರ ತೆಗೆದು ಜೊತೆಗಿಡಬೇಕು. ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದ ದಿನಾಂಕ, ಊರು ಇದ್ದರೆ ಅದನ್ನೂ.

ಅಮೆರಿಕದಲ್ಲಿ 2022ರಲ್ಲಿ, 1987ರ ಬಳಿಕ ಮೊದಲ ಬಾರಿಗೆ, ಎಲ್.ಪಿ. ತಟ್ಟೆಗಳು ಸಂಖ್ಯೆಯಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಮಾರಾಟವಾದವು. ನಮ್ಮ ನಗರಗಳಿಗೂ ಆ ಗಾಳಿ ಬೀಸಿದೆ. ಅದರಲ್ಲಿ ಸಂಗೀತಪ್ರೇಮದಷ್ಟೇ ದಿವಾನಖಾನೆಯ ಅಲಂಕಾರಪ್ರೇಮವೂ ಇದೆ. ದುಬಾರಿ ತಟ್ಟೆಗೆ ಹಣ ಸುರಿಯುವ ಮುನ್ನ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ನೋಡುವುದು ಲೇಸು. ಅದರಲ್ಲಿ ಮೊದಲು ಗಣಕಯಂತ್ರಕ್ಕೆ ಏರಿಸಬೇಕಾದದ್ದು ಮನೆಯಲ್ಲೇ ಮುದ್ರಿಸಿದವು: ಅಜ್ಜಿಯ ಸೋಬಾನೆ, ಮದುವೆಯ ಕಛೇರಿ, ಊರಿನ ಆಟ. ಅನಂತರ ರೇಡಿಯೋದಿಂದ ಹಿಡಿದವು, ಆಮೇಲೆ ಸಣ್ಣ ಕಂಪನಿಗಳ ಸುರುಳಿಗಳು. ಚಿತ್ರಗೀತೆಯ ಕ್ಯಾಸೆಟ್ಟುಗಳ ಸರದಿ ಕೊನೆಗೆ ಬಂದರೂ ನಡೆಯುತ್ತದೆ. ಅವುಗಳ ಪ್ರತಿ ಬೇರೆಡೆಯೂ ಸಿಗುತ್ತದೆ.